ಆನೆಯ ಕಿವಿಯಂಚಿನಲ್ಲಿ ಬಿಟ್ಟ ಗೆರೆ

ಆನೆಯ ಕಿವಿಯ ಅಂಚನ್ನು ನೋಡುವುದು ನನ್ನ ಉದ್ಯೋಗವಾಗಿತ್ತು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದೆ. ತಾಳವಾಡಿಯ ಗುಡ್ಡಗಳಲ್ಲಿ ಓಡಾಡುವ ಒಂದೊಂದು ಆನೆಗೂ ಒಂದೊಂದು ಗುರುತಿನ ಚೀಟಿ ಮಾಡಿ, ಅದರ ಎಡಗಿವಿ, ಬಲಗಿವಿ, ಕೊಂಬು, ಬಾಲ ಇಷ್ಟರ ಚಿತ್ರ ಅಂಟಿಸಿ, ಹೊಲಕ್ಕೆ ಬಂದುಹೋದ ಆನೆ ಯಾವುದೆಂದು ಊರಿನವರಿಗೆ ತಿಳಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಛಾಯಾಗ್ರಾಹಕನಾಗಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಅನಗತ್ಯ. ಮುಂದೆ ಬರುವ ತಪ್ಪು ನನ್ನದು.

ಇದೇ ಕೆಲಸಕ್ಕೆ ಈಗ ಸೇರುತ್ತಿರುವ ಕಿರಿಯರು ನನ್ನನ್ನು ಕಂಡಾಗ ಒಂದು ಪ್ರಶ್ನೆ ಕೇಳುವುದುಂಟು: ಹೆಚ್ಚು ಸೂಕ್ಷ್ಮವಾಗಿ ಕಾಣುವುದು ಫಿಲಮ್ಮಿನಲ್ಲೋ ಡಿಜಿಟಲ್‌ನಲ್ಲೋ? ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಪರವಾಗಿ ಹತ್ತು ನಿಮಿಷ, ವಿರೋಧವಾಗಿ ಹತ್ತು ನಿಮಿಷ, ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಮಾತಾಡಬಲ್ಲೆ. ಆದರೂ ಈ ಪ್ರಶ್ನೆ ಕೇಳಿದೊಡನೆ ವಾದಕ್ಕಿಂತ ಮೊದಲು ನನ್ನ ಕೈ ತಾನಾಗಿಯೇ ಎಡಗಿವಿಗೆ ಹೋಗುತ್ತದೆ. ಅದೇಕೆಂದು ತಿಳಿಸಬೇಕಾದದ್ದು ನನ್ನ ಕರ್ತವ್ಯ.

ಮೊದಲು ಈ ಕೆಲಸದ ಉದ್ದೇಶ ಹೇಳಬೇಕು. ಒಂದು ಆನೆ ಒಬ್ಬನನ್ನು ತುಳಿದರೆ, ಅಂದಿನಿಂದ ಆ ಸೀಮೆಯ ಎಲ್ಲ ಆನೆಗಳೂ ಕೊಂದ ಆನೆಗಳೇ. ಹೆಂಗಸರು ನೀರಿಗೆ ಹೋಗುವುದಿಲ್ಲ, ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮೂರು ಮೈಲಿ ದೂರದಲ್ಲಿ ಮರಿಯೊಂದಿಗೆ ಮೇಯುತ್ತಿರುವ ಹೆಣ್ಣಾನೆಯ ಮೇಲೂ ಪಟಾಕಿ ಬೀಳುತ್ತದೆ. ತುಳಿದದ್ದು ಯಾವುದೆಂದು ಗೊತ್ತಾದರೆ ಭಯ ಒಂದೇ ಆನೆಯ ಮೇಲೆ ನಿಲ್ಲುತ್ತದೆ. ಉಳಿದ ಬದುಕು ನಡೆಯುತ್ತದೆ. ತಿಳಿವಳಿಕೆಯಿಂದ ಭಯವನ್ನು ಸಣ್ಣದು ಮಾಡಬಹುದೆಂದು ನಾನು ನಂಬಿದ್ದೆ. ಸಮಾಜವನ್ನು ತಿದ್ದಬೇಕೆಂದು ಹೊರಟ ವಯಸ್ಸಿನಲ್ಲಿ ಕೈಗೆ ಸಿಕ್ಕ ಕೆಲಸ ಇದು. ಇದಕ್ಕಿಂತ ಉದಾತ್ತವಾದದ್ದು ಬೇರೊಂದಿಲ್ಲ ಎನಿಸಿತ್ತು.

ನನಗೆ ಈ ವಿದ್ಯೆ ಕಲಿಸಿದವರು ರಾಜಮಾಣಿಕ್ಯಂ. ಸತ್ಯಮಂಗಲದ ಕಡೆಯವರು, ನನಗಿಂತ ಹದಿನೈದು ವರ್ಷ ಹಿರಿಯರು, ಸಂಸ್ಥೆಯ ಮುಖ್ಯಸ್ಥರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದರೆ ತಮಿಳಿಗೆ ತಿರುಗುತ್ತಿದ್ದರು. ತಾಳವಾಡಿಯ ಕಚೇರಿಯ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಬಡಿದು ಅವರು ಡಾರ್ಕ್‌ರೂಂ ಮಾಡಿಕೊಂಡಿದ್ದರು. ಕಪ್ಪುಬಿಳುಪು ಫಿಲಮ್ಮನ್ನು ಅಲ್ಲೇ ತೊಳೆದು, ಕಿವಿಯ ಭಾಗವನ್ನಷ್ಟೇ ಅಂಗೈಯಗಲಕ್ಕೆ ಹಿಗ್ಗಿಸಿ ಮುದ್ರಿಸಿ, ಅದರ ಮೇಲೆ ತೆಳು ಕಾಗದ ಇಟ್ಟು, ಚೂಪು ಪೆನ್ಸಿಲ್ಲಿನಿಂದ ಕಿವಿಯ ಅಂಚನ್ನು ಎಳೆಯುವುದು ಅವರ ಪದ್ಧತಿ. ಆನೆಯ ಕಿವಿಯಂಚು ಮುಳ್ಳಿಗೆ, ತಂತಿಗೆ, ಮತ್ತೊಂದು ಆನೆಯ ಕೊಂಬಿಗೆ ಸಿಕ್ಕಿ ಹರಿದಿರುತ್ತದೆ. ಒಂದರ ಹರುಕು ಇನ್ನೊಂದಕ್ಕಿರುವುದಿಲ್ಲ. ಆ ಪೆನ್ಸಿಲ್ ಗೆರೆಯೇ ಆನೆಯ ಸಹಿ.

ನಾನು ಎಳೆದ ಮೊದಲ ಕಿವಿ ಬಹಳ ಚೆನ್ನಾಗಿ ಬಂದಿತ್ತು. ಮೇಲಿನಿಂದ ಕೆಳಗಿನವರೆಗೆ ಅಖಂಡವಾದ ಒಂದು ಗೆರೆ. ರಾಜಮಾಣಿಕ್ಯಂ ಅದನ್ನೂ ಮುದ್ರಿತ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದರು. ಫಿಲಮ್ಮನ್ನು ಬಹಳ ಹಿಗ್ಗಿಸಿದಾಗ ಚಿತ್ರ ರವೆ ಚೆಲ್ಲಿದ ಹಾಗೆ ಒಡೆಯುತ್ತದೆ. ಅದನ್ನು ಗ್ರೇನ್ ಎನ್ನುತ್ತೇವೆ. ಕಿವಿಯ ಕೆಳಭಾಗದಲ್ಲಿ ಆ ರವೆ ತುಂಬಿಕೊಂಡು, ಅಂಚು ಎಲ್ಲಿ ಮುಗಿದು ಹಿಂದಿನ ಪೊದೆ ಎಲ್ಲಿ ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅವರು ರಬ್ಬರು ತೆಗೆದುಕೊಂಡು ನನ್ನ ಗೆರೆಯನ್ನು ಅಲ್ಲಿ ಒಂದು ಬೆರಳಿನಷ್ಟು ಅಳಿಸಿದರು.

“ತಂಬಿ, ಇಲ್ಲಿ ನೀನು ಕಂಡೆಯಾ?”

ಕಾಣಲಿಲ್ಲ, ಆದರೆ ಮೇಲಿಂದ ಬಂದ ಗೆರೆ ಸಹಜವಾಗಿ ಹೀಗೇ ಇಳಿಯಬೇಕಲ್ಲವೇ ಎಂದು ನಾನು ತರ್ಕ ಹೂಡಿದೆ.

“ಕಾಣದಿದ್ದಲ್ಲಿ ಪೆನ್ಸಿಲ್ ಎತ್ತು. ಗೆರೆ ಬಿಡು. ಬಿಟ್ಟ ಗೆರೆ ನೋಡಿದವನು ಅಲ್ಲಿ ಏನೋ ಇರಬಹುದು ಅಂತ ಹೆದರುತ್ತಾನೆ. ಹೆದರಲಿ.”

ನನಗೆ ಆ ಮಾತು ಹಿಡಿಸಲಿಲ್ಲ. ಜನರ ಹೆದರಿಕೆ ಕಳೆಯಲು ಬಂದ ನಾವೇ ಹೆದರಲಿ ಎನ್ನುವುದೇ? ಆದರೆ ಅವರು ಮೇಲಧಿಕಾರಿ. ನಾನು ಗೆರೆ ಬಿಡುತ್ತಾ ಬಂದೆ.

ಫಿಲಮ್ಮಿನ ಕಾಲದ ಕೆಲಸ ಸುಖದ್ದೆಂದು ಯಾರೂ ಭಾವಿಸಬೇಡಿ. ಒಂದು ಸುರುಳಿಗೆ ಮೂವತ್ತಾರು ಚಿತ್ರ. ದಿಂಬಂ ಘಟ್ಟದ ಮೇಲಿನ ರಸ್ತೆಯಲ್ಲಿ ಕಬ್ಬಿನ ಲಾರಿಗಳನ್ನು ತಡೆದು ನಿಲ್ಲಿಸುವ ಒಂದು ಗಂಡಾನೆ ಇತ್ತು. ಒಂದು ಮಧ್ಯಾಹ್ನ ಅದು ಲಾರಿಯ ಹಗ್ಗ ಕೀಳುತ್ತಿರುವಾಗ ನಾನು ರಸ್ತೆಬದಿಯ ಬಂಡೆಯ ಹಿಂದೆ ಮಂಡಿಯೂರಿ ಚಿತ್ರ ತೆಗೆಯತೊಡಗಿದೆ. ಇಂಥ ಕಿವಿ, ಇಂಥ ಬೆಳಕು ಮತ್ತೆ ಸಿಗಲಾರದು. ಎಣಿಕೆಯ ಮುಳ್ಳು ಮೂವತ್ತಾರು ದಾಟಿತು, ಮೂವತ್ತೆಂಟಾಯಿತು, ನಲವತ್ತಾಯಿತು. ನಲವತ್ತನೆಯದಕ್ಕೆ ನನಗೆ ಹೊಳೆಯಿತು: ಫಿಲಮ್ಮು ಚಕ್ರದ ಹಲ್ಲಿಗೆ ಕಚ್ಚಿಕೊಂಡೇ ಇರಲಿಲ್ಲ. ಅಷ್ಟು ಹೊತ್ತು ನಾನು ತೆಗೆದದ್ದು ಶೂನ್ಯವನ್ನು. ತಲೆ ಎತ್ತಿದರೆ ಆನೆ ಕಬ್ಬು ಬಿಟ್ಟು ನನ್ನತ್ತ ತಿರುಗಿ ಸೊಂಡಿಲೆತ್ತಿ ಗಾಳಿ ಹಿಡಿಯುತ್ತಿದೆ. ಹಿಂದಕ್ಕೆ ಹಿಂದಕ್ಕೆ ತೆವಳಿ ಹೇಗೋ ಚಹದಂಗಡಿ ಸೇರಿದೆ. ಅಂಗಡಿಯಾತ ನನ್ನ ಮುಖ ನೋಡಿ ಗಾಜಿನ ಲೋಟ ಮುಂದಿಟ್ಟ.

“ಏನ್ ಸಾ, ನೀವು ಆನ ಪಟ ತಗದ್ರಾ, ಆನ ನಿಮ್ ಪಟ ತಗೀತಾ?”

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಚಹ ಅರ್ಧ ಅಂಗಿಯ ಮೇಲೆ ಬಿತ್ತು.

ಇಂಥ ಹತ್ತಾರು ಸಂದರ್ಭಗಳಿದ್ದದ್ದರಿಂದಲೇ, ಡಿಜಿಟಲ್ ಕ್ಯಾಮೆರಾ ಬಂದಾಗ ಅದರ ಪರ ಮೊದಲು ಎದ್ದುನಿಂತವನು ನಾನು. ಸಂಸ್ಥೆಗೆ ಯಾರೋ ಕೊಟ್ಟ ಮೊದಲ ಕ್ಯಾಮೆರಾ ಮೂವತ್ತು ಲಕ್ಷ ಚುಕ್ಕೆಗಳದ್ದು. ಅಂದರೆ ಇಡೀ ಚಿತ್ರವನ್ನು ಅಷ್ಟು ಸಣ್ಣ ಚೌಕಗಳಾಗಿ ಒಡೆದು ಬರೆದುಕೊಳ್ಳುವಂಥದ್ದು. ಮಸೂರ ಅದರಲ್ಲೇ ಕೂಡಿಕೊಂಡಿತ್ತು, ಬದಲಿಸುವಂತಿರಲಿಲ್ಲ. ರಾಜಮಾಣಿಕ್ಯಂ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಜಾತ್ರೆಯಲ್ಲಿ ಸಿಗುವ ಮಕ್ಕಳ ಆಟದ ಸಾಮಾನಿನಂತಿದೆ ಎಂದರು. ನಾನು ನನ್ನ ವಾದ ಮಂಡಿಸಿದೆ. ಫಿಲಂ ತೊಳೆದು, ಒಣಗಿಸಿ, ಮುದ್ರಿಸಿ, ಗೆರೆ ಎಳೆಯುವ ಹೊತ್ತಿಗೆ ನಾಲ್ಕು ದಿನ. ಆ ನಾಲ್ಕು ದಿನ ಊರಿನವರು ಹೆದರಿ ಮನೆಯಲ್ಲಿ ಕೂತಿರುತ್ತಾರೆ. ಸತ್ಯ ಸಿಕ್ಕ ದಿನವೇ ಜನರ ಕೈಗೆ ತಲುಪಬೇಕು. ತಡವಾಗಿ ಬರುವ ಸತ್ಯ ಅರ್ಧ ಅನ್ಯಾಯ. ಅಲ್ಲದೆ ಈ ಚಿತ್ರ ನೋಡಿ, ಎಷ್ಟು ಶುಭ್ರ, ಎಲ್ಲಿದೆ ರವೆ?

ಅವರು ಕಂಪ್ಯೂಟರ್ ಪರದೆಯ ಹತ್ತಿರ ಬಾಗಿ ನೋಡಿದರು. ಆಮೇಲೆ ಮೆಲ್ಲಗೆ, “ರವೆ ಇಲ್ಲ, ಅದೇ ಯೋಚನೆ” ಎಂದರು. ನಾನದನ್ನು ಸೋತವರ ಮಾತೆಂದುಕೊಂಡೆ.

ಅದಾಗಿ ಒಂದು ವರ್ಷದೊಳಗೆ ಜೀರಹಳ್ಳಿ ಕಡೆಯ ಒಂದು ಊರಿನಲ್ಲಿ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬನನ್ನು ಆನೆ ತುಳಿದು ಕೊಂದಿತು. ತುಳಿದದ್ದು ನಮ್ಮ ಚೀಟಿಗಳಲ್ಲಿ ‘ಹರಕ’ ಎಂದಿದ್ದ ಗಂಡಾನೆ. ಎಡಗಿವಿಯ ಕೆಳ ಅಂಚಿನಲ್ಲಿ ಒಂದು ಬೆರಳಿನ ಅಗಲದ ಹರುಕು. ಅದೇ ಸೀಮೆಯಲ್ಲಿ ಅದರದೇ ಎತ್ತರದ, ಅದರಂತೆಯೇ ಬಲಗೊಂಬು ತುಸು ಮೇಲೆದ್ದ ಇನ್ನೊಂದು ಗಂಡಾನೆ ಇತ್ತು. ಅದಕ್ಕೆ ನಾವಿಟ್ಟ ಹೆಸರು ‘ಸಾಧು’. ಊರಿನವರಿಗೆ ಎರಡೂ ಸ್ವಾಮಿಯೇ. ಆದರೆ ಇಬ್ಬರೊಂದಿಗೆ ನಡೆದುಕೊಳ್ಳುವ ರೀತಿ ಬೇರೆ. ಸಾಧು ಹೊಲಕ್ಕೆ ಬಂದರೆ ರೈತ ಮೂವತ್ತು ಹೆಜ್ಜೆ ದೂರದಲ್ಲಿ ನಿಂತು, ಕೈತಟ್ಟಿ, ಹೋಗಪ್ಪ ಸ್ವಾಮಿ ಎಂದು ಬೇಡಿಕೊಂಡರೆ ಸಾಕು, ನಾಲ್ಕು ಕಡ್ಡಿ ಕಿತ್ತುಕೊಂಡು ತಾನೇ ತಿರುಗುತ್ತಿತ್ತು. ಹರಕನ ಮುಂದೆ ಹಾಗೆ ನಿಂತವನು ಬದುಕುವುದಿಲ್ಲ. ಆದ್ದರಿಂದ ಬಂದ ಆನೆ ಯಾವುದೆಂಬುದು ಅಲ್ಲಿ ಕುತೂಹಲದ ಪ್ರಶ್ನೆಯಾಗಿರಲಿಲ್ಲ.

ಸಾವಾದ ಮೂರನೆಯ ವಾರ, ಒಂದು ಶುಕ್ರವಾರ ಸಂಜೆ ನಾಲ್ಕರ ಹೊತ್ತಿಗೆ, ಅದೇ ಊರಿನ ನಂಜಪ್ಪನ ಹೊಲಕ್ಕೆ ಒಂದು ಗಂಡಾನೆ ಇಳಿದಿದೆಯೆಂದು ಸುದ್ದಿ ಬಂತು. ನಂಜಪ್ಪ ನಲವತ್ತು ದಾಟಿದ ರೈತ. ಅವನ ಮುಸುಕಿನ ಜೋಳ ಕಾಡಿನಂಚಿಗೇ ಇತ್ತು, ತೆನೆ ಬಲಿತು ಕೊಯ್ಲಿಗೆ ಬಂದಿತ್ತು. ಆನೆ ಕಾಡಿಗೆ ಮರಳುತ್ತಿರುವಾಗ, ಒಣಹುಲ್ಲಿನ ಇಳಿಜಾರಿನ ಮುಂದೆ, ನೂರು ಮೀಟರು ದೂರದಿಂದ ನಾನು ಅದರ ಎಡಗಿವಿ ಹಿಡಿದೆ. ಡಿಜಿಟಲ್‌ನಲ್ಲಿ ಹತ್ತು ಚಿತ್ರ. ಹೆಗಲಲ್ಲಿ ಹಳೆಯ ಕ್ಯಾಮೆರಾ, ಅದಕ್ಕೆ ಉದ್ದ ಮಸೂರವೂ ಇತ್ತು. ರೂಢಿಬಲದಿಂದ ಅದರಲ್ಲೂ ನಾಲ್ಕು ತೆಗೆದೆ.

ಅಂದೇ ಕಚೇರಿಗೆ ಬಂದು ಡಿಜಿಟಲ್ ಚಿತ್ರಗಳಲ್ಲಿ ಉತ್ತಮವಾದದ್ದನ್ನು ಆರಿಸಿ, ಕಿವಿಯನ್ನು ಕತ್ತರಿಸಿ, ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ. ಅದಕ್ಕೆಂದೇ ಇದ್ದ ತಂತ್ರಾಂಶ ಚಿತ್ರವನ್ನು ನಯಗೊಳಿಸುತ್ತಾ ದೊಡ್ಡದು ಮಾಡಿತು. ಅಂಚು ನುಣುಪಾಗಿ, ಬಾಳೆ ಎಲೆಯ ಅಂಚಿನಂತೆ, ತಡೆಯಿಲ್ಲದೆ ಇಳಿದಿತ್ತು. ಹರುಕಿಲ್ಲ. ಆದ್ದರಿಂದ ಇದು ಹರಕನಲ್ಲ. ಆದ್ದರಿಂದ ಇದು ಸಾಧು. ನಾನು ಅಂಗೈಯಗಲದ ಒಂದು ಪ್ರತಿ ಮುದ್ರಿಸಿಕೊಂಡು ಮರುದಿನ ಬೆಳಗ್ಗೆ ಊರಿಗೆ ಹೋದೆ. ರಾಜಮಾಣಿಕ್ಯಂ ಸತ್ಯಮಂಗಲಕ್ಕೆ ಹೋಗಿದ್ದರು. ಅವರಿಗೆ ತೋರಿಸುವವರೆಗೆ ಕಾಯಲಿಲ್ಲ.

ಮಾರಿಗುಡಿಯ ಮುಂದಿನ ಕಟ್ಟೆಯ ಸುತ್ತ ಇಪ್ಪತ್ತು ಮೂವತ್ತು ಜನ ಸೇರಿದ್ದರು. ಚಿತ್ರ ಕೈಯಿಂದ ಕೈಗೆ ಹೋಯಿತು. ನೋಡಿದವರ ಮುಖ ಸಡಿಲವಾದದ್ದು ನನಗೆ ಕಾಣುತ್ತಿತ್ತು. ಆ ಸಡಿಲಕ್ಕಾಗಿಯೇ ನಾನು ಈ ಉದ್ಯೋಗಕ್ಕೆ ಬಂದವನು. ನಂಜಪ್ಪ ಮಾತ್ರ ಒಪ್ಪಲಿಲ್ಲ.

“ಇಲ್ಲ ಕಣಿ ಸಾ, ಅವ್ನೇ ಅದು. ಸಾಧು ಜ್ವಾಳ ಕಿತ್ರ ಕಾಲ್ಗೆ ಬಡ್ದು ಮಣ್ಣ ಒದರ್ಕಂಡು ತಿಂತಾನ. ನಿನ್ನ ಬಂದವ್ನು ಮಣ್ಣು ಬೇರು ಎಲ್ಲ ಸೇರ್ಸಿ ಅಗ್ದವ್ನ. ಒಲದಲ್ಲಿ ಒಂದ್ ಮಣ್ ಎಂಟೆ ಉದ್ರಿಲ್ಲ.”

ಕಾಲೇಜಿನ ವೇದಿಕೆಯ ಮೇಲೆ ನಿಂತಂತೆ ನಾನು ಉತ್ತರಿಸಿದೆ. ಹಸಿದ ಪ್ರಾಣಿ ರೂಢಿ ಮುರಿಯುವುದುಂಟು. ಮಣ್ಣು ಬಿದ್ದಿಲ್ಲವೆಂಬುದು ಊಹೆಗೆ ದಾರಿ, ಕಿವಿಯ ಚಿತ್ರ ಪ್ರತ್ಯಕ್ಷ ಪ್ರಮಾಣ. ಎರಡಕ್ಕೂ ವಿರೋಧ ಬಂದಾಗ ಯಾವುದನ್ನು ನಂಬಬೇಕು? ಹರಕನ ಕಿವಿ ಹರಿದಿದೆಯೆಂದು ನೀನೂ ಒಪ್ಪುತ್ತೀಯ. ಈ ಕಿವಿ ಹರಿದಿಲ್ಲವೆಂದು ನಿನ್ನ ಕಣ್ಣೇ ನೋಡುತ್ತಿದೆ. ಹಾಗಾದರೆ ಇವನು ಅವನು ಹೇಗಾದಾನು?

ಅವನು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಹೆಂಡತಿ ಮಾದೇವಮ್ಮ ಹಿಂದಿನಿಂದ ಇಣುಕಿ ನೋಡಿದಳು.

“ನೀವೇಳಾದ್ಕ ನಂತಾವ ಉತ್ರ ಇಲ್ಲ ಸಾ,” ಎಂದ ನಂಜಪ್ಪ. “ಸರಿ, ಸಾಧುನೇ ಅನ್ನಿ. ಜ್ವಾಳ ಉಳಿಸ್ಕಬೇಕಲ್ಲ, ನಾಳ ಸಂಜಿಂದ ಒಲಕ್ಕ ಓಯ್ತೀನಿ.”

ಕಿರಿಯರೇ, ಬೇರೆ ಯಾರೂ ಅಂದು ವಾದಕ್ಕೆ ಬಂದಿರಲಿಲ್ಲ. ಬೇರೆ ಯಾರೂ ಮನಃಪೂರ್ವಕವಾಗಿ ಒಪ್ಪಿಯೂ ಇರಲಿಲ್ಲ. ಅವರೆಲ್ಲ ಹೂಂ ಎಂದು ಮನೆಯಲ್ಲೇ ಕೂತರು. ನನ್ನ ತರ್ಕಕ್ಕೆ ತರ್ಕದಿಂದಲೇ ಎದುರು ನಿಂತು, ಸೋತಾಗ ಸೋತೆನೆಂದು ಒಪ್ಪಿ, ಒಪ್ಪಿದಂತೆಯೇ ನಡೆದುಕೊಂಡವನು ಅವನೊಬ್ಬನೇ.

ಭಾನುವಾರ ಮಧ್ಯಾಹ್ನ ರಾಜಮಾಣಿಕ್ಯಂ ಹಿಂದಿರುಗಿದ್ದರು. ನಾನು ಹಳೆಯ ಕ್ಯಾಮೆರಾದ ಸುರುಳಿಯನ್ನು ತೊಳೆಯಲು ಡಾರ್ಕ್‌ರೂಮಿಗೆ ಹೋದೆ. ಅವಸರವೇನೂ ಇರಲಿಲ್ಲ, ಚೀಟಿಗೆ ಇನ್ನೊಂದು ಪ್ರತಿ ಸೇರಲಿ ಎಂದಷ್ಟೇ. ಒದ್ದೆ ಫಿಲಮ್ಮನ್ನು ಹೊರಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿ ಇಟ್ಟೆ. ನೆಗೆಟಿವ್‌ನಲ್ಲಿ ಎಲ್ಲವೂ ತಲೆಕೆಳಗು: ಕಪ್ಪಾನೆ ಬೆಳ್ಳಗೆ, ಹಿಂದಿನ ಬಿಳಿ ಒಣಹುಲ್ಲು ಕಪ್ಪಗೆ. ಇಡೀ ಕಿವಿ ಒಂದು ಅಕ್ಕಿನುಚ್ಚಿನಷ್ಟು. ಆ ಬಿಳಿ ನುಚ್ಚಿನ ಕೆಳ ಅಂಚಿನಲ್ಲಿ, ಸೂಜಿಯ ಮೊನೆ ತಾಕಿಸಿದಂತೆ, ಒಂದು ಕಪ್ಪು ಕಚ್ಚು.

ಫಿಲಮ್ಮಿನ ಧೂಳಿರಬಹುದೆಂದು ಎರಡನೆಯ ಚಿತ್ರ ನೋಡಿದೆ. ಅಲ್ಲೂ ಇತ್ತು. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ, ಅದೇ ಜಾಗದಲ್ಲಿ, ಅದೇ ಕಚ್ಚು. ಫಿಲಮ್ಮಿನಿಂದ ನೀರು ನನ್ನ ಮೊಣಕೈಗೆ ಇಳಿಯುತ್ತಿತ್ತು. ರಾಜಮಾಣಿಕ್ಯಂ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನೋಡಿದರು. ಊರಿನಲ್ಲಿ ಏನು ಹೇಳಿದೆ ಎಂದು ಕೇಳಿದರು. ಹೇಳಿದೆ. ಅವರು ಗಡಿಯಾರ ನೋಡಿದರು. ನಾಲ್ಕೂಕಾಲು. ಊರಿನ ಏಕೈಕ ಫೋನು ವಾರದಿಂದ ಸತ್ತಿತ್ತು. ಜೀಪಿನ ಕೀಲಿ ತೆಗೆದುಕೊಂಡು ಅವರು ಆಗಲೇ ಬಾಗಿಲು ದಾಟಿದ್ದರು.

ಆ ದಾರಿಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಒಂದು ಕಡೆ ದನದ ಮಂದೆ ರಸ್ತೆ ದಾಟುತ್ತಿತ್ತು, ಮುಗಿಯುತ್ತಲೇ ಇರಲಿಲ್ಲ. ನಂಜಪ್ಪನ ಮುಖ, ಚಿತ್ರ ಬೆಳಕಿಗೆ ಹಿಡಿದು ನೋಡುತ್ತಿದ್ದ ಮುಖ, ಕಣ್ಣಿಂದ ಹೋಗಲೊಲ್ಲದು. ಮನೆಯ ಮುಂದೆ ಮಾದೇವಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಂಜಪ್ಪನೆಲ್ಲಿ ಎಂದೆ.

“ಒಲಕ್ಕ ಓದ್ರಲ್ಲ ಸಾ. ನೀವೇ ಏಳಿದ್ರಲ್ಲ.”

ಹೊಲದ ಮೇಲುಬದಿಯ ಗಾಡಿದಾರಿಯಲ್ಲಿ ಜೀಪು ನಿಲ್ಲಿಸಿದೆವು. ಕೆಳಗೆ ಜೋಳ, ಜೋಳದ ನಡುವೆ ಆನೆಯ ಬೆನ್ನು, ಅದರಾಚೆ ಬದುವಿನ ಮೇಲೆ ನಂಜಪ್ಪ. ಅವನ ಹಿಂದೆ ಆನೆ ತಡೆಯಲೆಂದು ತೋಡಿದ ಆಳವಾದ ಟ್ರೆಂಚು. ಆನೆಗೂ ಅವನಿಗೂ ನಲವತ್ತು ಹೆಜ್ಜೆ ಇರಬಹುದು. ಅವನು ಮೆತ್ತಗೆ ಕೈತಟ್ಟುತ್ತಾ, ಸಾಧುವಿನೊಂದಿಗೆ ಮಾತಾಡುವ ಆ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ಆನೆ ತಿನ್ನುವುದನ್ನು ನಿಲ್ಲಿಸಿತ್ತು. ಕಿವಿ ಅಲ್ಲಾಡುತ್ತಿರಲಿಲ್ಲ.

ನಾನು ಬಾಯಿ ತೆರೆದೆ. ರಾಜಮಾಣಿಕ್ಯಂ ನನ್ನ ತೋಳನ್ನು ಎಲುಬು ನೋಯುವಂತೆ ಹಿಡಿದರು. ಅವರು ಹಿಡಿದದ್ದು ಸರಿ. ಕೂಗಿದರೆ ಆನೆ ಬೆದರಿ ನುಗ್ಗುವುದು ಎದುರಿಗಿರುವವನ ಮೇಲೆ. ಕೂಗದಿದ್ದರೆ ಅವನು ಇನ್ನೂ ಹತ್ತು ಹೆಜ್ಜೆ ಬರುತ್ತಾನೆ. ನನ್ನ ಆಯುಷ್ಯದ ಬಂಡವಾಳವೇ ಮಾತು. ಅಂದು ಅದರಲ್ಲಿ ಒಂದಕ್ಷರವೂ ಉಪಯೋಗಕ್ಕೆ ಬರುವಂತಿರಲಿಲ್ಲ.

ಅಷ್ಟರಲ್ಲಿ ನಂಜಪ್ಪ ನಮ್ಮನ್ನು ಕಂಡ. ಕಂಡು, ನೀವು ಹೇಳಿದ್ದು ಸರಿ ಎಂಬಂತೆ ಬಲಗೈ ಸ್ವಲ್ಪ ಮೇಲೆತ್ತಿದ.

ನಾನು ತಲೆಯಾಡಿಸಿದೆ. ಅಲ್ಲ. ಅವನಿಗೆ ಅರ್ಥವಾಗಲಿಲ್ಲ. ಆಗ ನನ್ನ ಎಡಗಿವಿಯ ತುದಿಯನ್ನು ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಅದನ್ನು ಕತ್ತರಿಸುವಂತೆ ಮಾಡಿ ತೋರಿಸಿದೆ. ಮತ್ತೆ ಮಾಡಿದೆ. ಮೂರನೆಯ ಸಲಕ್ಕೆ ಅವನ ಎತ್ತಿದ ಕೈ ಹಾಗೇ ನಿಂತಿತು. ಆನೆಯ ಕಿವಿ ನೋಡಿದ, ನನ್ನ ಕಿವಿ ನೋಡಿದ. ಆಮೇಲೆ ಬೆನ್ನು ತಿರುಗಿಸದೆ, ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು. ನಾಲ್ಕನೆಯ ಹೆಜ್ಜೆಗೆ ಆನೆ ನುಗ್ಗಿತು.

ಜೋಳದ ದಂಟು ಮುರಿಯುವ ಸದ್ದನ್ನು ನಾನು ಇಂದಿಗೂ ಬೇರೆ ಸದ್ದುಗಳ ನಡುವೆ ಕೇಳುತ್ತೇನೆ. ನಂಜಪ್ಪ ತಿರುಗಿ ಓಡಿ ಟ್ರೆಂಚಿಗೆ ಬಿದ್ದ. ಹಾರಿದನೋ ಜಾರಿದನೋ ಅವನಿಗೂ ತಿಳಿಯದು. ಆನೆ ದಡದಲ್ಲಿ ನಿಂತು ಮುಂಗಾಲಿನಿಂದ ಮಣ್ಣನ್ನು ಅವನ ಮೇಲೆ ಒದೆಯತೊಡಗಿತು. ರಾಜಮಾಣಿಕ್ಯಂ ಹಾರ್ನ್ ಒತ್ತಿಹಿಡಿದು ಜೀಪನ್ನು ಜೋಳದೊಳಕ್ಕೇ ಇಳಿಸಿದರು. ಆನೆ ನಮ್ಮತ್ತ ಒಮ್ಮೆ ತಿರುಗಿ, ಕಿವಿ ಅಗಲಿಸಿತು. ಇಪ್ಪತ್ತು ಮೀಟರಿನಿಂದ, ಮಸೂರವಿಲ್ಲದೆ, ನಾನು ಆ ಹರುಕನ್ನು ನೋಡಿದೆ. ಅದರ ಮೂಲಕ ಆಚೆಗಿನ ಆಕಾಶ ಕಾಣುತ್ತಿತ್ತು. ಆಮೇಲೆ ಅದು ದಡ ಕುಸಿದಿದ್ದ ಕಡೆಯಿಂದ ಟ್ರೆಂಚು ದಾಟಿ ಕಾಡು ಹೊಕ್ಕಿತು.

ನಂಜಪ್ಪನ ಸೊಂಟದ ಮೂಳೆ ಮುರಿದಿತ್ತು. ಬಾಗಿಲ ಹಲಗೆಯೊಂದರ ಮೇಲೆ ಮಲಗಿಸಿ ಜೀಪಿನಲ್ಲಿ ಚಾಮರಾಜನಗರಕ್ಕೆ ಒಯ್ದೆವು. ದಾರಿಯುದ್ದಕ್ಕೂ ಮಾದೇವಮ್ಮ ಅವನ ತಲೆ ಹಿಡಿದುಕೊಂಡು ಕೂತಿದ್ದಳು. ಚಾಮರಾಜನಗರ ಹತ್ತಿರವಾದಾಗ ಒಂದೇ ಒಂದು ಮಾತು ಕೇಳಿದಳು.

“ಆ ಪಟದಲ್ಲಿ ಕಿವಿ ನೆಟ್ಗಿತ್ತಲ್ಲ ಸಾ?”

ಬೈದಿದ್ದರೆ ಉತ್ತರಿಸಬಹುದಿತ್ತು. ಅವಳು ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದಳು.

ಮರುದಿನ ಕಚೇರಿಯಲ್ಲಿ ಕೂತು ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಫಿಲಂ, ಡಿಜಿಟಲ್‌ಗಳ ಹೋಲಿಕೆ ಕೇಳುವವರು ಈ ಲೆಕ್ಕವನ್ನು ಗಮನವಿಟ್ಟು ಓದಬೇಕು. ನಯಗೊಳಿಸುವ ತಂತ್ರಾಂಶವನ್ನು ನಿಲ್ಲಿಸಿ ಮೂಲ ಚಿತ್ರವನ್ನು ತೆರೆದು, ಕಿವಿಯ ಎತ್ತರದಲ್ಲಿ ಎಷ್ಟು ಚೌಕಗಳಿವೆಯೆಂದು ಎಣಿಸಿದೆ. ಮೂವತ್ತೈದು. ಎರಡಡಿ ಕಿವಿಗೆ ಮೂವತ್ತೈದು ಚೌಕ. ಒಂದೊಂದು ಚೌಕದ ಪಾಲಿಗೆ ಒಂದು ಬೆರಳಿನ ಅಗಲ. ಹರಕನ ಕಿವಿಯ ಹರುಕೂ ಅಷ್ಟೇ. ಅಂದರೆ ಆ ಹರುಕಿಗೆ, ಆ ಕುರಿಗಾಹಿಯ ಸಾವಿಗೆ, ನಂಜಪ್ಪನ ಪ್ರಾಣಕ್ಕೆ, ಮೂವತ್ತು ಲಕ್ಷದಲ್ಲಿ ಸಿಕ್ಕಿದ್ದು ಒಂದೇ ಒಂದು ಚುಕ್ಕೆ. ಆ ಚುಕ್ಕೆ ಇತ್ತು. ನೆರೆಯ ಚುಕ್ಕೆಗಳಿಗಿಂತ ತುಸು ತಿಳಿಯಾಗಿ, ಕೊಂಚ ಅನುಮಾನದಂತೆ ಇತ್ತು. ಹಿಗ್ಗಿಸುವಾಗ ತಂತ್ರಾಂಶ ಅದನ್ನು ಅಕ್ಕಪಕ್ಕದವುಗಳ ಬಣ್ಣದೊಂದಿಗೆ ಬೆರೆಸಿ ನುಣುಪಾದ ಅಂಚು ಮಾಡಿಕೊಟ್ಟಿತ್ತು. ಇದ್ದ ಅನುಮಾನವನ್ನು ಅದು ಒರೆಸಿತ್ತು.

ಉದ್ದ ಮಸೂರದ ಫಿಲಮ್ಮಿನಲ್ಲಿ ಅದೇ ಕಿವಿಯ ಮೇಲೆ ನೂರಕ್ಕೂ ಮಿಕ್ಕ ಸೂಕ್ಷ್ಮ ಗೆರೆಗಳನ್ನು ಬೇರ್ಪಡಿಸಿ ನೋಡಬಹುದಿತ್ತು. ಹಾಗೆಂದು ಫಿಲಮ್ಮೇ ಮೇಲೆಂದು ನಾನು ವಾದಿಸಲಾರೆ; ಅದೇ ಉದ್ದ ಮಸೂರ ಡಿಜಿಟಲ್‌ಗೆ ಇದ್ದಿದ್ದರೆ ಅದೂ ಆ ಕಚ್ಚನ್ನು ತೋರಿಸುತ್ತಿತ್ತೇನೋ. ಮುಂದೆ ಬಂದ ಕ್ಯಾಮೆರಾಗಳು ನಮ್ಮ ಸಣ್ಣ ಸುರುಳಿಯನ್ನು ಮೀರಿದವು, ನಾನೇ ಅವನ್ನು ಸಂತೋಷದಿಂದ ಬಳಸಿದೆ. ನಾನು ಕಲಿತ ವ್ಯತ್ಯಾಸ ಬೇರೆಯದು. ಫಿಲಮ್ಮನ್ನು ಅದರ ಶಕ್ತಿ ಮೀರಿ ಹಿಗ್ಗಿಸಿದರೆ ರವೆ ಎದ್ದುಬಂದು, ಇಲ್ಲಿಂದಾಚೆ ನನಗೆ ಗೊತ್ತಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ನಯಗೊಳಿಸಿದ ಚಿತ್ರ ತನಗೆ ಗೊತ್ತಿಲ್ಲದ್ದನ್ನೂ ಗೊತ್ತಿರುವಷ್ಟೇ ಅಂದವಾಗಿ ಹೇಳುತ್ತದೆ. ನಾನೂ ಕಟ್ಟೆಯ ಮೇಲೆ ಹಾಗೆಯೇ ಮಾತಾಡಿದ್ದೆ.

ರಾಜಮಾಣಿಕ್ಯಂ ನನ್ನನ್ನು ಬೈಯಲಿಲ್ಲ. ನಾನು ಶುಕ್ರವಾರ ಬರೆದಿಟ್ಟಿದ್ದ ಚೀಟಿಯಲ್ಲಿ ಕಿವಿಯಂಚಿನ ಅಖಂಡ ಗೆರೆಯನ್ನು ನೋಡಿ, ರಬ್ಬರನ್ನು ನನ್ನ ಮುಂದೆ ಇಟ್ಟು ಹೊರಗೆ ಹೋದರು. ಅಳಿಸಿದವನು ನಾನೇ.

ಮುಂದಿನ ವಾರ ಅದೇ ಕಟ್ಟೆಯ ಮೇಲೆ ನಿಂತು ನನ್ನ ತಪ್ಪನ್ನು ಒಪ್ಪಿಕೊಂಡೆ. ಯಾರೋ ಒಬ್ಬ, ಇನ್ನು ಪಟ ತರಬೇಡಿ ಸಾ, ನಮ್ ಎದರಿಕೆ ನಮಗಿರ್ಲಿ ಎಂದ. ಆಸ್ಪತ್ರೆಯಲ್ಲಿ ನಂಜಪ್ಪ ನನ್ನನ್ನು ಮಂಚದ ಪಕ್ಕ ಕೂರಿಸಿಕೊಂಡ. ಕ್ಷಮೆ ಕೇಳಲು ಹೋದವನನ್ನು ಕೈಯೆತ್ತಿ ತಡೆದ.

“ಬುಡಿ ಸಾ. ನೀವ್ ಸುಳ್ಳೇಳಿಲ್ಲ. ನನ್ ಕಣ್ಣು ಅವ್ನೇ ಅಂತಿತ್ತು. ನಿಮ್ ಮಾತು ಚಂದಾಗಿತ್ತು ಅಂತ ನನ್ ಕಣ್ಣ ಬುಟ್ಬುಟ್ಟೆ. ಇನ್ಮೇಲ ಪಟ ತಂದ್ರ, ಎಲ್ಲೀಗಂಟ ಕಾಣ್ತದ, ಎಲ್ಲಿಂದ ಕಾಣಕಿಲ್ಲ, ಅದ ಮೊದ್ಲು ಏಳಿ.”

ಚೀಟಿಯಲ್ಲಿ ರಾಜಮಾಣಿಕ್ಯಂ ಪದ್ಧತಿಯಂತೆ ಬಿಟ್ಟ ಗೆರೆಯನ್ನು ತೋರಿಸಿ ಅದರ ಅರ್ಥ ವಿವರಿಸಿದೆ. ಅವನು ಬೆರಳಿನಿಂದ ಆ ಖಾಲಿ ಜಾಗವನ್ನು ಮುಟ್ಟಿ ನೋಡಿದ. ಅಂದಿನಿಂದ ನಿವೃತ್ತನಾಗುವವರೆಗೆ ಬಿಟ್ಟ ಗೆರೆಯಿಲ್ಲದ ಚೀಟಿಯನ್ನು ನಾನು ಊರಿಗೆ ಕೊಂಡೊಯ್ದದ್ದು ಅಪರೂಪ. ಹಾಗೆ ಒಯ್ಯುವ ಮುಂಚೆ ಪ್ರತಿಸಲವೂ ಮೂಲ ಚಿತ್ರವನ್ನು ಮತ್ತೊಮ್ಮೆ ತೆರೆದು ನೋಡುತ್ತಿದ್ದೆ.

ಕಳೆದ ಜೋಳದ ಕೊಯ್ಲಿನ ಸಮಯದಲ್ಲಿ ಸಂಸ್ಥೆಗೆ ಹೊಸದಾಗಿ ಸೇರಿದ ಕವಿತಾ ಎಂಬ ಹುಡುಗಿ ನನ್ನನ್ನು ಆ ಊರಿಗೆ ಕರೆದೊಯ್ದಳು. ಹರಕನೂ ಸಾಧುವೂ ಈಗಿಲ್ಲ. ಬೇರೆ ಆನೆಗಳು, ಬೇರೆ ಭಯ. ಹಿಂದಿನ ಸಂಜೆ ಬಂದ ಆನೆಯನ್ನು ಅವಳು ಮೊಬೈಲಿನಲ್ಲಿ ಹಿಡಿದಿದ್ದಳು. ಕಿವಿಯ ಒಂದೊಂದು ನರವೂ ಎಣಿಸುವಂತಿತ್ತು. ಅಪಾಯದ್ದಲ್ಲ, ನಮ್ಮ ಪರಿಚಯದ್ದೇ ಎಂದು ಅವಳು ಕಟ್ಟೆಯ ಮೇಲೆ ವಿವರಿಸತೊಡಗಿದಳು. ಮಾತು ಬಹಳ ಚೆನ್ನಾಗಿತ್ತು. ನನ್ನ ಕೈ ಎಡಗಿವಿಗೆ ಹೋಯಿತು.

ಗುಂಪಿನ ಹಿಂದಿನಿಂದ ಕೋಲೂರಿಕೊಂಡು ನಂಜಪ್ಪ ಮುಂದೆ ಬಂದ. ಒಂದು ಕಾಲು ಇಂದಿಗೂ ಎಳೆಯುತ್ತದೆ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

“ತುಂಬ ಚಂದಾಗದ ಕಣವ್ವ. ಇದ್ರಲ್ಲಿ ಗೆರ ಎಲ್ಲಿ ಬುಟ್ಟಿದ್ದೀಯ?”

ಅವಳಿಗೆ ಅರ್ಥವಾಗಲಿಲ್ಲ, ನನ್ನನ್ನು ನೋಡಿದಳು. ಮೊಬೈಲು ತಾನಾಗಿಯೇ ನಯಗೊಳಿಸುವ ಮೊದಲಿನ ಚಿತ್ರ ಉಳಿದಿದೆಯೇ ಎಂದು ಕೇಳಿದೆ. ಉಳಿದಿತ್ತು. ಅದನ್ನು ತೆರೆದು ಬೆರಳುಗಳಿಂದ ಹಿಗ್ಗಿಸುತ್ತಾ ಹೋದೆವು. ನರಗಳು ಮಾಯವಾದವು. ಅಂಚು ಚೌಕಚೌಕವಾಗಿ ಒಡೆಯಿತು. ಕೆಳಭಾಗದಲ್ಲಿ ಕಿವಿ ಯಾವುದು, ಹಿಂದಿನ ಲಂಟಾನ ಪೊದೆ ಯಾವುದು ಎಂದು ಹೇಳುವಂತಿರಲಿಲ್ಲ. ಕವಿತಾ ಚೀಲದಿಂದ ಚೀಟಿ ತೆಗೆದು, ಪೆನ್ಸಿಲ್ಲಿನಿಂದ ಕಿವಿಯ ಅಂಚನ್ನು ಮೇಲಿನಿಂದ ಎಳೆಯುತ್ತಾ ಬಂದು, ಕಾಣದಾದ ಕಡೆ ಕೈ ಎತ್ತಿದಳು. ಚೀಟಿಯನ್ನು ನಂಜಪ್ಪನ ಕೈಗೆ ಕೊಟ್ಟು, ಯಾವ ಆನೆಯೆಂದು ತನಗೆ ಗೊತ್ತಿಲ್ಲ ಎಂದಳು.

ಅಂದು 'ಇದು ಯಾವ ಆನೆ' ಎಂಬುದಕ್ಕೆ ಊರಿಗೆ ಉತ್ತರ ಸಿಗಲಿಲ್ಲ. ಸಂಜೆ ಆನೆ ಮತ್ತೆ ಇಳಿದು ನಂಜಪ್ಪನ ಜೋಳವನ್ನು ಅರ್ಧದಷ್ಟು ತಿಂದುಹೋಯಿತು. ನಾವೆಲ್ಲ ಅವನ ಜಗಲಿಯ ಮೇಲೆ ಕೂತು ದಂಟು ಮುರಿಯುವುದನ್ನು ದೂರದಿಂದ ಕೇಳಿದೆವು. ಮಾದೇವಮ್ಮ ಒಳಗಿನಿಂದ ಎಲ್ಲರಿಗೂ ಚಹ ತಂದಳು. ಯಾರೂ ಹೊಲಕ್ಕೆ ಹೋಗಲಿಲ್ಲ.